ಹಿಮನೆಲದ ಅರಳೆ

ಉತ್ತರ ಅಲಾಸ್ಕಾದ ಟಂಡ್ರಾ ಪ್ರದೇಶದಲ್ಲಿ, ಬೇಸಗೆಯ ಅಲ್ಪಾವಧಿಯಲ್ಲಿ ಮೇಲ್ಮಣ್ಣು ಮಾತ್ರ ಕರಗಿ ಅದರಡಿಯ ನೆಲವು ಹೆಪ್ಪುಗಟ್ಟಿಯೇ ಉಳಿಯುವ ಜೌಗಿನಲ್ಲಿ, ಹತ್ತಿಹುಲ್ಲೆಂದು ಕರೆಯಲ್ಪಟ್ಟರೂ ವಾಸ್ತವವಾಗಿ ನಮ್ಮ ಕೊನ್ನಾರಿಗಡ್ಡೆಯ ಕುಟುಂಬಕ್ಕೆ ಸೇರಿದ ಸಸ್ಯವೊಂದು, ದಂಟಿಗೊಂದರಂತೆ ಶುಭ್ರವಾದ ಅರಳೆಯುಂಡೆಯನ್ನು ಧರಿಸಿ, ದಿಗಂತದವರೆಗೂ ಹಬ್ಬಿ ನಿಂತಿರುತ್ತದೆ. ನೋಟಕ್ಕೆ ಅರಳೆಯೇ ಹೊರತು ನೂಲುವುದಕ್ಕೆ ಒದಗದು. ಎಳೆ ಬಲು ಪೆಡಸು. ದಿಂಬಿಗೆ ತುಂಬಬಹುದು, ಅಷ್ಟೆ. ಬೀಜವನ್ನು ಗಾಳಿಗೆ ಒಪ್ಪಿಸುವುದೇ ಅದರ ಕಾರ್ಯ.

ನನಗಾದರೋ ಆ ಧವಳಶೋಭೆಗಿಂತಲೂ ಬೇರಿನ ವ್ಯವಹಾರವೇ ಹೆಚ್ಚು ಸೋಜಿಗದ್ದಾಗಿ ತೋರುತ್ತದೆ. ವರ್ಷವರ್ಷವೂ ಹೊಸದಾಗಿ ಹುಟ್ಟುವ, ಕವಲೊಡೆಯದ ಆ ಬಿಳಿಯ ಬೇರುಗಳು, ಮಂಜು ಕರಗಿದಷ್ಟೂ ಅದನ್ನೇ ಬೆನ್ನಟ್ಟಿ ಕೆಳಗಿಳಿದು, ಹಿಮದ ಅಂಚನ್ನು ಮುಟ್ಟುವಲ್ಲಿಯೂ ಬೆಳೆಯುತ್ತಲೇ ಇದ್ದು, ಚಳಿಗಾಲದೊಡನೆ ಅಳಿಯುತ್ತವೆ. ಬುಡದ ದಿಮ್ಮೆಯಾದರೋ ನೂರು ವರ್ಷಕ್ಕೂ ಮೀರಿ ಬಾಳಬಲ್ಲುದು. ವಸಂತದಲ್ಲಿ, ಮಿಕ್ಕ ಹಸಿರು ಕಣ್ದೆರೆಯುವ ಮುನ್ನವೇ ಮೂಡುವ ಇದರ ಮೊಗ್ಗುಗಳನ್ನು ಕ್ಯಾರಿಬೂ ಜಿಂಕೆಗಳು ಆಯ್ದಾಯ್ದು ಮೇಯುತ್ತವೆ.