ಹಳೆಯ ಕಾಯಿಲೆಯೋ, ಹೊಸ ಸೋಂಕೋ?



ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಉಂಟುಮಾಡುವ ಕಾಯಿಲೆ ಇದು. ನಿಮ್ಮ ವಯಸ್ಸಿನವರಿಗೂ ಬರುವುದುಂಟು. ರಕ್ತಭೇದಿ, ಹೊಟ್ಟೆನೋವು, ಸುಸ್ತು ಇದರ ಲಕ್ಷಣಗಳು. ಕೆಲವು ಕಾಲ ತಣ್ಣಗಿದ್ದು ಮತ್ತೆ ಕೆರಳುವುದು ಇದರ ಸ್ವಭಾವ.

ಅಂಥ ಒಬ್ಬ ರೋಗಿಗೆ ಭೇದಿ ಮತ್ತೆ ಶುರುವಾಯಿತೆನ್ನಿ. ಹಳೆಯ ಕಾಯಿಲೆಯೇ ಕೆರಳಿತೆಂದು ಎಲ್ಲರೂ ತಿಳಿಯುತ್ತಾರೆ. ಮನೆಯಲ್ಲಿ ಉಳಿದಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ತಾವೇ ನುಂಗುವವರೂ ಇದ್ದಾರೆ. ಎಡವುವುದು ಇಲ್ಲೇ. ಭೇದಿಗೆ ಕಾರಣ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯ ಆಗಿರಬಹುದು. ಲಕ್ಷಣಗಳು ಹೆಚ್ಚುಕಡಿಮೆ ಒಂದೇ, ಚಿಕಿತ್ಸೆ ಬೇರೆ. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್ ಉರಿಯೂತಕ್ಕೆ ಮದ್ದು, ಸೋಂಕಿಗೆ ಅವಕಾಶ. ಎರಡೂ ಒಟ್ಟಿಗೇ ಇರುವುದೂ ಉಂಟು. ಆದ್ದರಿಂದ ಮಾತ್ರೆ ಹೆಚ್ಚಿಸುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರ ತೀರ್ಮಾನ.

1935ರಲ್ಲಿ ಅಮೆರಿಕದ ಹಾಲ್ ಮತ್ತು ಓಟೂಲ್ ಈ ಬ್ಯಾಕ್ಟೀರಿಯವನ್ನು ಕಂಡದ್ದು ಆರೋಗ್ಯವಂತ ನವಜಾತ ಶಿಶುಗಳ ಮಲದಲ್ಲಿ! ಬೆಳೆಸಲು ಕಷ್ಟವಾದ್ದರಿಂದ ಆ ಹೆಸರು ಬಂತು. ಅದು ಎಂಥ ರೋಗಕಾರಿ ಎಂಬುದು ಸ್ಪಷ್ಟವಾದದ್ದು 1978ರ ಸುಮಾರಿಗೆ. ಕರುಳಿನ ಕೋಟ್ಯಂತರ ಸೂಕ್ಷ್ಮಜೀವಿಗಳು ಜಾಗ ಹಿಡಿದಿರುವವರೆಗೆ ಇದರ ಆಟ ನಡೆಯದು. ಆಂಟಿಬಯೋಟಿಕ್ ಔಷಧಿ ಅವುಗಳನ್ನು ಕೊಂದಾಗ ಇದು ಬೆಳೆದು ವಿಷ ಸ್ರವಿಸುತ್ತದೆ. ಕೊಲೈಟಿಸ್ ರೋಗಿಗಳಲ್ಲಿ ಆ ಸಮತೋಲ ಮೊದಲೇ ಕೆಟ್ಟಿರುವುದರಿಂದ ಆಂಟಿಬಯೋಟಿಕ್ ತೆಗೆದುಕೊಳ್ಳದವರಿಗೂ ಸೋಂಕು ತಗಲಬಹುದು.

ಕೊಲೊನೋಸ್ಕೋಪ್ ಇಳಿಸಿ ನೋಡಿದರೆ ತಿಳಿಯದೆ? ಬೇರೆ ರೋಗಿಗಳಲ್ಲಿ ಕರುಳಿನ ಗೋಡೆಗೆ ಹಳದಿ ಪೊರೆ ಅಂಟಿರುವುದು ಕಾಣಬಹುದು. ಕೊಲೈಟಿಸ್ ಇರುವವರಲ್ಲಿ ಆ ಗುರುತು ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗಾಗಿ ಭೇದಿ ಕೆರಳಿದಾಗಲೆಲ್ಲ ಮಲಪರೀಕ್ಷೆ ಮಾಡಿ ಬ್ಯಾಕ್ಟೀರಿಯವನ್ನೂ ಅದರ ವಿಷವನ್ನೂ ಹುಡುಕಬೇಕು. ಮಲವೆಂದರೆ ಮುಖ ಸಿಂಡರಿಸುವ ನಾವು ತಪ್ಪಿಸಿಕೊಳ್ಳಲು ನೋಡುವುದೂ ಇದೇ ಪರೀಕ್ಷೆಯನ್ನು!

ಸೋಂಕು ಖಚಿತವಾದರೆ ವ್ಯಾಂಕೊಮೈಸಿನ್‌ನಂಥ ಔಷಧಿಯನ್ನು ಬಾಯಿಯ ಮೂಲಕ ಕೊಡುತ್ತಾರೆ. ಅದೂ ಆಂಟಿಬಯೋಟಿಕ್ಕೇ, ಕೆಲವರಿಗೆ ಸೋಂಕು ಮರುಕಳಿಸುತ್ತದೆ. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗವೊಂದರಲ್ಲಿ, ಸೋಂಕು ಮರುಕಳಿಸಿದ್ದ 16 ಮಂದಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಮೂಗಿನ ನಳಿಕೆಯ ಮೂಲಕ ಸಣ್ಣ ಕರುಳಿಗೆ ಹಾಯಿಸಿದರು. ಮೊದಲ ಸಲಕ್ಕೇ 13 ಮಂದಿ ಗುಣವಾದರು.

ರೋಗಿಯನ್ನು ನೋಡಲು ಹೋಗುವವರಿಗೆ ಒಂದು ಮಾತು. ಈ ಬ್ಯಾಕ್ಟೀರಿಯದ ಬೀಜಾಣುಗಳು ಆಲ್ಕೊಹಾಲ್ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಸೋಪು ಹಚ್ಚಿ, ನೀರಿನಲ್ಲಿ ಕೈಯನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು. ಸೋಪು ಅವುಗಳನ್ನು ಕೊಲ್ಲುವುದಿಲ್ಲ, ನೀರಿನೊಡನೆ ಕೊಚ್ಚಿಕೊಂಡು ಹೋಗುವಂತೆ ಮಾಡುತ್ತದೆ, ಅಷ್ಟೆ.