ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಸ್ವೆಟರ್

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ದೀರಿ ಅಂದ್ಕೊಂಡು ಶುರು ಮಾಡ್ತೀನಿ. ಇವತ್ತಿನ ಮಾತು ಕೈಯಲ್ಲಿ ಹೆಣೆದ ಉಡುಗೊರೆಗಳ ಬಗ್ಗೆ. ಯಾರಿಗೆ ಏನು ಕೊಡಬೇಕು, ಯಾರಿಗೆ ಏನು ಕೊಡಬಾರದು ಅಂತ. ಇದನ್ನ ನಾನು ತಪ್ಪು ಮಾಡಿಯೇ ಕಲಿತಿದ್ದು.

2020ರ ಲಾಕ್‌ಡೌನ್‌ನಲ್ಲಿ ಯೂಟ್ಯೂಬ್ ನೋಡಿ ಹೆಣಿಗೆ ಕಲಿತೆ. ಹುಡುಗ ಉಲ್ಲನ್ ಹಿಡ್ಕೊಂಡು ಕೂತಿದ್ದಾನೆ ಅಂತ ಮನೆಯಲ್ಲಿ ನಕ್ಕಿದ್ದೂ ಆಯ್ತು. ಮೊದಲ ದೊಡ್ಡ ಕೆಲಸ ತೀರ್ಥಹಳ್ಳಿಯಲ್ಲಿರೋ ಅಜ್ಜಿಗೆ ಒಂದು ಮರೂನ್ ಸ್ವೆಟರ್. ಎರಡು ತಿಂಗಳು ಹಿಡೀತು. ಪಾರ್ಸೆಲ್ ಮಾಡಿದೆ. ಫೋನಲ್ಲಿ ಅಜ್ಜಿ, "ಬಹಳ ಚೆನ್ನಾಗಿದೆ ಮಗಾ, ಬೆಚ್ಚಗಿದೆ" ಅಂದ್ರು. ಮುಂದಿನ ವರ್ಷ ಮಳೆಗಾಲದಲ್ಲಿ ಊರಿಗೆ ಹೋದಾಗ ಕಂಬಳಿಗೆ ಅಂತ ಟ್ರಂಕ್ ತೆಗೆದ್ರೆ, ಅದೇ ಪ್ಲಾಸ್ಟಿಕ್ ಕವರಲ್ಲಿ, ನುಸಿಗುಳಿಗೆ ಜೊತೆ, ಮಡಿಚಿದ ಮಡಿಕೆಯಲ್ಲೇ ಇತ್ತು ಸ್ವೆಟರ್.

"ಕೈ ಮೇಲಕ್ಕೆ ಎತ್ತಕ್ಕಾಗಲ್ಲ ಮಾರಾಯ. ತಲೆ ಮೇಲಿಂದ ಹಾಕ್ಕೋಬೇಕು ಅಂದ್ರೆ ಇನ್ನೊಬ್ಬರು ಬೇಕು" ಅಂದ್ರು ಅಜ್ಜಿ. ಭುಜ ಹಿಡ್ಕೊಂಡು ಒಂದೂವರೆ ವರ್ಷ ಆಗಿತ್ತಂತೆ. ವಾರವಾರ ಫೋನ್ ಮಾಡ್ತಿದ್ದ ನನಗೆ ಗೊತ್ತೇ ಇರಲಿಲ್ಲ.

ಹಾಗಾಗಿ ವಯಸ್ಸಾದವರಿಗೆ ಕೊಡೋದಾದ್ರೆ ಮುಂದೆ ತೆರೆಯೋ ಸ್ವೆಟರ್ ಇರಲಿ. ಬೆರಳು ಸೆಟೆದುಕೊಂಡವರಿಗೆ ಸಣ್ಣ ಗುಂಡಿ ಹಾಕೋದು ದೊಡ್ಡ ಸರ್ಕಸ್, ದೊಡ್ಡ ಗುಂಡಿ ಹಾಕಿ. ಕಾಲುಚೀಲ ಕೊಡೋ ಮುಂಚೆ ಮನೆಯ ನೆಲ ನೆನಪು ಮಾಡ್ಕೊಳ್ಳಿ. ಟೈಲ್ಸ್ ಮೇಲೆ ಉಲ್ಲನ್ ಕಾಲುಚೀಲ ಜಾರುತ್ತೆ. ಆ ವಯಸ್ಸಲ್ಲಿ ಬಿದ್ರೆ ಸೊಂಟದ ಮೂಳೆಯೇ ಹೋಗಬಹುದು. ಇನ್ನೊಂದು, ಬಚ್ಚಲ ಒಲೆಗೆ ಸೌದೆ ಒಟ್ಟೋರಿಗೆ ಅಕ್ರಿಲಿಕ್ ದಾರದ ಉದ್ದ ತೋಳು ಬೇಡ. ಅಕ್ರಿಲಿಕ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತೆ. ನಿಜವಾದ ಉಣ್ಣೆ ಹಾಗೆ ಕರಗಲ್ಲ, ಬೇಗ ಹತ್ತಿಕೊಳ್ಳೋದೂ ಇಲ್ಲ.

ಮಕ್ಕಳ ವಿಷಯಕ್ಕೆ ಬಂದ್ರೆ, ಎಲ್ಲರೂ ಹುಟ್ಟಿದ ಮಗುವಿನ ಅಳತೆಗೇ ಕುಲಾವಿ ಹೆಣೆದು ತರ್ತಾರೆ. ಕೆಲವೇ ವಾರದಲ್ಲಿ ಅದು ಚಿಕ್ಕದಾಗುತ್ತೆ. ಆರು ತಿಂಗಳ ಅಳತೆಗೆ ಹೆಣೆಯಿರಿ, ಆದ್ರೆ ಆ ಆರನೇ ತಿಂಗಳು ಯಾವ ಕಾಲಕ್ಕೆ ಬರುತ್ತೆ ಅಂತ ಬೆರಳು ಮಡಚಿ ಎಣಿಸಿ. ನವೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ ಆ ಸ್ವೆಟರ್ ಸರಿಹೋಗೋದು ಮೇ ತಿಂಗಳಲ್ಲಿ! ಮಡಿಕೇರಿಯಾದ್ರೆ ಪರವಾಗಿಲ್ಲ, ರಾಯಚೂರಾದ್ರೆ ಹತ್ತಿ ದಾರ ತಗೊಳ್ಳಿ.

ತೂತು ತೂತಿನ ಡಿಸೈನ್ ಫೋಟೋಗೆ ಚೆಂದ, ಆದ್ರೆ ಮಗುವಿನ ಬೆರಳು ಅದರೊಳಗೆ ಸಿಕ್ಕಿಕೊಳ್ಳುತ್ತೆ. ಕಾಲುಚೀಲದ ಒಳಗೆ ಉಳಿದ ದಾರದ ತುದಿ ಕಾಲ್ಬೆರಳಿಗೆ ಸುತ್ತಿಕೊಂಡ್ರೆ ರಕ್ತವೇ ಓಡಲ್ಲ. ಆದ್ದರಿಂದ ಒಳಗಡೆ ತಿರುಗಿಸಿ ನೋಡದೆ ಕೊಡಬೇಡಿ. ಕುತ್ತಿಗೆಗೆ ಕಟ್ಟೋ ಲಾಡಿ ಬೇಡ. ಮಗು ಮಲಗಿದಾಗ ಟೋಪಿ ತೆಗೆಯಿರಿ ಅಂತ ತಾಯಿಗೆ ಒಂದು ಮಾತು ಹೇಳಿ, ಮೈ ಅತಿಯಾಗಿ ಬಿಸಿಯಾಗಬಾರದು. ಆ ತಾಯಿಯ ಬಗ್ಗೆಯೂ ಯೋಚಿಸಿ ಅಂತೀನಿ. ರಾತ್ರಿ ನಿದ್ದೆ ಇಲ್ಲದವಳ ಕೈಗೆ "ತಣ್ಣೀರಲ್ಲಿ ಮೆತ್ತಗೆ ಒಗೆಯಬೇಕು" ಅನ್ನೋ ಉಣ್ಣೆ ಕೊಡೋದು ಉಡುಗೊರೆಯಲ್ಲ, ಶಿಕ್ಷೆ. ಅಲ್ಲಿ ಮೆಷಿನ್‌ಗೆ ಹಾಕೋ ದಾರವೇ ಸರಿ.

ಶಾಲೆಗೆ ಹೋಗೋ ಮಕ್ಕಳದು ಸುಲಭ: ಬಣ್ಣ ಅವರೇ ಹೇಳಲಿ, ಕುತ್ತಿಗೆ ಹತ್ರ ಚುಚ್ಚದಿರಲಿ, ತೋಳು ಸ್ವಲ್ಪ ಉದ್ದ ಇರಲಿ.

ನಮ್ಮ ವಯಸ್ಸಿನವರಿಗೆ? ಪ್ರೀತಿಸೋ ಹುಡುಗನಿಗೆ ಸ್ವೆಟರ್ ಹೆಣೆದುಕೊಟ್ರೆ ಬ್ರೇಕಪ್ ಆಗುತ್ತೆ ಅಂತ ಹೆಣಿಗೆಯವರಲ್ಲಿ ಒಂದು ಹಳೇ ನಂಬಿಕೆ ಇದೆ, ಅದಕ್ಕೆ 'ಸ್ವೆಟರ್ ಕರ್ಸ್' ಅಂತಲೇ ಹೆಸರು. ನಾನು ನಂಬಲ್ಲ, ಆದ್ರೂ ರಿಸ್ಕ್ ತಗೊಳ್ಳಲ್ಲ! ಬೈಕ್ ಓಡಿಸೋ ಗೆಳೆಯರಿಗೆ ಉದ್ದ ಮಫ್ಲರ್ ಬೇಡ, ತುದಿ ಚಕ್ರಕ್ಕೆ ಸಿಕ್ಕರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ತುದಿಯೇ ಇಲ್ಲದ, ಉಂಗುರದ ಹಾಗಿರೋ ಮಫ್ಲರ್ ಹೆಣೆಯಿರಿ. ದಪ್ಪ ಟೋಪಿಯೂ ಬೇಡ, ಹೆಲ್ಮೆಟ್ ಸರಿಯಾಗಿ ಕೂರಲ್ಲ.

ಹೆಣೆಯೋಕೆ ಬರದೆ ಕೊಂಡುಕೊಳ್ಳೋರಿಗೆ ಒಂದು ಮಾತು. ಕ್ರೋಶಾವನ್ನ ಇವತ್ತಿಗೂ ಕೈಯಲ್ಲೇ ಹಾಕಬೇಕು, ಅದನ್ನ ಹಾಗೇ ಮಾಡೋ ಮೆಷಿನ್ ಮಾರುಕಟ್ಟೆಯಲ್ಲಿಲ್ಲ. ಹಾಗಾಗಿ ಆನ್‌ಲೈನಲ್ಲಿ ಕ್ರೋಶಾ ಟಾಪ್ ಚಾಟ್ಸ್ ರೇಟಿಗೆ ಸಿಕ್ಕಿದ್ರೆ, ಹಾಕಿದವರ ಕೈಗೆ ಎಷ್ಟು ಬಂದಿರುತ್ತೆ ಅಂತ ಲೆಕ್ಕ ಹಾಕಿ.

ಮರೂನ್ ಸ್ವೆಟರ್ ಏನಾಯ್ತು ಅಂತ ಕೇಳ್ತೀರಿ. ಅವತ್ತು ಮಧ್ಯಾಹ್ನವೇ ಬಿಚ್ಚೋಕೆ ಕೂತೆ. ಕೈಹೆಣಿಗೆಯ ಒಳ್ಳೇ ಗುಣ ಇದು, ದಾರ ವೇಸ್ಟ್ ಆಗಲ್ಲ. ಅಜ್ಜಿ ಎರಡೂ ಕೈ ಮುಂದೆ ಚಾಚಿ ಕೂತ್ರು. ಅಷ್ಟು ಮಾತ್ರ ಅವರಿಗೆ ಆಗುತ್ತೆ. ಬಿಚ್ಚಿದ ದಾರವನ್ನ ಅವರ ಕೈಗೆ ಸುತ್ತುತ್ತಾ ಹೋದೆ. ಹೊರಗೆ ಮಳೆ. ತೋಳಿಲ್ಲದ, ಮುಂದೆ ಐದು ದೊಡ್ಡ ಗುಂಡಿ ಇರೋದು ಮಾಡ್ತೀನಿ ಅಂದೆ. "ಜೇಬು ಇಡು, ಎಲೆ ಅಡಿಕೆ ಚೀಲಕ್ಕೆ" ಅಂದ್ರು. ಜೇಬಿನ ಯೋಚನೆ ನನಗೆ ಬಂದೇ ಇರಲಿಲ್ಲ. ತೋಳಿನ ದಾರದಲ್ಲಿ ಎರಡು ಜೇಬು ಆಯ್ತು.