ಟೆಲಿಗ್ರಾಂ ಬಾಟ್: ಸೂಚನೆಯಲ್ಲಿ ಬಿಟ್ಟುಹೋಗುವ ಸಾಲು

ಇವತ್ತು ಟೆಲಿಗ್ರಾಂ ಬಾಟ್ ಜೋಡಿಸುವ ಸೂಚನೆಗಳ ಬಗ್ಗೆ ಮಾತಾಡ್ತೇನೆ. ಬಾಟ್ ಅಂದರೆ ನಮ್ಮ ಪರವಾಗಿ ತಾನೇ ಸಂದೇಶ ಕಳಿಸುವ ಖಾತೆ. 2015ರಿಂದ ಟೆಲಿಗ್ರಾಂನಲ್ಲಿ ಯಾರು ಬೇಕಾದರೂ ಇದನ್ನು ಮಾಡಿಕೊಳ್ಳಬಹುದು.

ನಮ್ಮದು ಪುತ್ತೂರು ತಾಲೂಕಿನ ಈಶ್ವರಮಂಗಲ, ಅಡಿಕೆ ತೋಟಗಳ ಊರು. ಕೊಳೆರೋಗ ತಡೆಯಲು ಮಳೆಗಾಲದ ಮೊದಲು ಬೋರ್ಡೋ ದ್ರಾವಣ ಸಿಂಪಡಿಸಬೇಕು, ಮತ್ತೆ 40–45 ದಿನಕ್ಕೆ ಇನ್ನೊಮ್ಮೆ. ಆ ದಿನ ನೆನಪಿಸುವ ಬಾಟ್ ಇದ್ದರೆ ದೊಡ್ಡ ಉಪಕಾರ. ಆದರೆ ಜೋಡಣೆ ಸರಿಯಾಗದಿದ್ದರೆ ಸಂದೇಶ ಬರುವುದಿಲ್ಲ. ಬರಲಿಲ್ಲ ಅಂತ ಗೊತ್ತಾಗುವುದು ಕಾಯಿ ಉದುರಿದ ಮೇಲೆ!

ಸಾಮಾನ್ಯವಾಗಿ ಸೂಚನೆ ಹೀಗಿರ್ತದೆ: "ಬಾಟ್ ಮಾಡಿ, ಟೋಕನ್ ಹಾಕಿ, ಚಾಟ್ ಐಡಿ ಹಾಕಿ." ಬರೆದವರಿಗೆ ಇಷ್ಟು ಸಾಕು, ಹೊಸಬರಿಗೆ ಸಾಲದು. ನಾನಾದರೆ ಹೀಗೆ ಬರೆಯುತ್ತೇನೆ.

ಮೊದಲು ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಹುಡುಕಿ. ಹೆಸರಿನ ಪಕ್ಕ ನೀಲಿ ಗುರುತು ಇದೆಯಾ ನೋಡಿ. "ಸ್ಲ್ಯಾಶ್ ನ್ಯೂಬಾಟ್" ಎಂದು ಕಳಿಸಿದರೆ ಹೆಸರು ಕೇಳುತ್ತದೆ, ಆಮೇಲೆ ಯೂಸರ್‌ನೇಮ್. ಯೂಸರ್‌ನೇಮ್ ಕೊನೆಗೆ "ಬಾಟ್" ಎಂದು ಇಂಗ್ಲಿಷ್ ಅಕ್ಷರದಲ್ಲಿ ಇರಲೇಬೇಕು. ನಂತರ ಅಂಕಿ, ನಡುವೆ ಎರಡು ಚುಕ್ಕಿ, ಮತ್ತೆ ಅಕ್ಷರಗಳಿರುವ ಉದ್ದ ಸಾಲು ಕಾಣುತ್ತದೆ. ಅದೇ ಟೋಕನ್, ಮನೆಯ ಬೀಗದ ಕೈ ಇದ್ದ ಹಾಗೆ. ಸಹಾಯ ಕೇಳುವಾಗ ಅದರ ಫೋಟೋ ತೆಗೆದು ಗುಂಪಿಗೆ ಹಾಕಬೇಡಿ. ಬೇರೆಯವರ ಕೈಗೆ ಸಿಕ್ಕಿದರೆ ಬಾಟ್‌ಫಾದರ್‌ನಲ್ಲೇ ಅದನ್ನು ರದ್ದು ಮಾಡಿ ಹೊಸದು ಪಡೆಯಬಹುದು.

ಈಗ ನಿಮ್ಮ ಬಾಟ್ ತೆರೆದು "ಸ್ಟಾರ್ಟ್" ಒತ್ತಿ. ಬಿಟ್ಟುಹೋಗುವುದು ಈ ಸಾಲೇ. ಬಾಟ್ ತಾನಾಗಿ ಯಾರಿಗೂ ಮೊದಲ ಸಂದೇಶ ಕಳಿಸುವ ಹಾಗಿಲ್ಲ, ನಾವೇ ಮಾತು ಶುರುಮಾಡಬೇಕು. ಬೇಡದ ಸಂದೇಶ ತಡೆಯಲು ಇರುವ ನಿಯಮ ಇದು. ಕಾರಣ ಗೊತ್ತಿದ್ದರೆ ಹೆಜ್ಜೆ ಮರೆಯುವುದಿಲ್ಲ.

ಮನೆಯವರ ಗುಂಪಿಗೆ ಸಂದೇಶ ಬರಬೇಕಾದರೆ ಬಾಟನ್ನು ಆ ಗುಂಪಿಗೆ ಸೇರಿಸಿ. ಗುಂಪಿನ ಚಾಟ್ ಐಡಿ ಮೈನಸ್ ಚಿಹ್ನೆಯಿಂದ ಶುರುವಾಗುತ್ತದೆ. ಅದನ್ನೂ ಸೇರಿಸಿಯೇ ನಕಲು ಮಾಡಿ. ಕೊನೆಗೆ ಒಂದು ಪರೀಕ್ಷಾ ಸಂದೇಶ ಕಳಿಸಿ. ಅದು ಬಂದರೆ ಮಾತ್ರ ಕೆಲಸ ಮುಗಿಯಿತು.

ಸೂಚನೆ ಬರೆಯುವವರಿಗೆ ಒಂದು ಮಾತು. ಹೊಸಬರೊಬ್ಬರ ಕೈಗೆ ಅದನ್ನು ಕೊಟ್ಟು, ಪಕ್ಕದಲ್ಲಿ ಮಾತಾಡದೆ ಕೂತು ನೋಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಸಾಲು ಬೇಕಿದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.